ಚಿಂತಿಲ್ಲನ ಸಂಕ್ರಾಂತಿ ಸ್ನಾನ

ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಚಮಚ, ಸೌಟು, ಜಾಲರಿಗಳನ್ನು ನಿಲ್ಲಿಸಿದ ಒಂದು ಸ್ಟೀಲ್ ಡಬ್ಬಿಯಿದೆ. ಅವುಗಳ ನಡುವೆ ಸೂಜಿಯಿಲ್ಲದ ಒಂದು ಸಿರಿಂಜೂ ನಿಂತಿರುತ್ತದೆ. ಬಂದ ನೆಂಟರು ಅದನ್ನು ಓರೆಗಣ್ಣಿನಲ್ಲಿ ನೋಡುತ್ತಾರೆ. ಆಮೇಲೆ ದನಿ ತಗ್ಗಿಸಿ, "ಯಾರಿಗೆ ಶುಗರ್ರು?" ಎಂದು ಕೇಳುತ್ತಾರೆ. ಯಾರಿಗೂ ಇಲ್ಲ ಎಂದರೆ ನಂಬುವುದಿಲ್ಲ. ನಮಗೆ ಸಂಕಟವಾಗಬಾರದೆಂದು ತಮ್ಮ ಕಾಫಿಗೂ ಸಕ್ಕರೆ ಬೇಡ ಎನ್ನುತ್ತಾರೆ. ನನ್ನ ಹೆಂಡತಿ ಗಿರಿಜೆ ಈಗ ಅದರಲ್ಲಿ ದೇವರ ದೀಪಕ್ಕೆ ಎಣ್ಣೆ ಹಾಕುತ್ತಾಳೆ, ಒಂದು ತೊಟ್ಟೂ ಚೆಲ್ಲುವುದಿಲ್ಲವಂತೆ. ಅವಳು ದೀಪದ ಮುಂದೆ ಸಿರಿಂಜು ಹಿಡಿದು ನಿಂತಾಗಲೆಲ್ಲ ನನಗೆ ದೇವರಿಗಿಂತ ಮೊದಲು ಒಂದು ಇಲಿಯ ನೆನಪಾಗುತ್ತದೆ.

ಇಲಿ ಎಂದೆನಲ್ಲ, ಅದನ್ನು ಮೊದಲು ಸರಿಪಡಿಸಿಬಿಡುತ್ತೇನೆ. ನಾನು ಅಜ್ಜಂಪುರದಲ್ಲಿ ಹೈಸ್ಕೂಲ್ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವ ಮೇಷ್ಟ್ರು. ಮನೆ ಬೀರೂರಿನಲ್ಲಿ, ದಿನಾ ರೈಲಿನಲ್ಲಿ ಓಡಾಟ. ಕೊರೆಯುವ ಹಲ್ಲಿನ ಪ್ರಾಣಿಗಳನ್ನು ದಂಶಕಗಳು ಎನ್ನುತ್ತಾರೆ, ಅವುಗಳ ಬಾಚಿಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ ಎಂದು ಇಪ್ಪತ್ತಾರು ವರ್ಷದಿಂದ ಪಾಠ ಮಾಡಿದ್ದೇನೆ. ಹಲಗೆಯ ಮೇಲೆ ನಾನು ಬರೆಯುವ ಇಲಿಗೆ, ಅದರಲ್ಲೂ ಅದರ ಬಾಲಕ್ಕೆ, ಶಾಲೆಯಲ್ಲಿ ಒಳ್ಳೆಯ ಹೆಸರಿದೆ. ಆದರೆ ಮನೆಗೆ ನಿಜವಾದ ಇಲಿ ಬಂದರೆ ನಾನು ಮಂಚ ಹತ್ತುತ್ತೇನೆ, ಗಿರಿಜೆ ಪೊರಕೆ ಹಿಡಿಯುತ್ತಾಳೆ. ಇಂಥವನ ಮಡಿಲಿಗೆ ಇಲಿಯ ಬಳಗದ್ದೇ ಆದ ಚಿಂಚಿಲ್ಲ ಎಂಬ ಪ್ರಾಣಿ ಬಂದು ಬಿದ್ದದ್ದು ಪಕ್ಕದ ಮನೆಯವರ ವರ್ಗಾವಣೆಯ ದೆಸೆಯಿಂದ.

ಪಕ್ಕದ ಮನೆಯಲ್ಲಿ ರೈಲ್ವೆ ಇಂಜಿನಿಯರೊಬ್ಬರಿದ್ದರು. ಅವರಿಗೆ ರಾಯಚೂರಿನ ಕಡೆಗೆ ವರ್ಗವಾಯಿತು. ಸಾಮಾನು ಲಾರಿಗೆ ಏರಿದ ಮೇಲೆ ಒಂದು ಪಂಜರ ಹಿಡಿದುಕೊಂಡು ಬಂದರು. "ಇದಕ್ಕೆ ಸೆಕೆ ಆಗಲ್ಲ ಸಾರ್, ಅಲ್ಲಿ ಒಂದು ವಾರ ಬದುಕಲ್ಲ. ನೀವು ಬಯಾಲಜಿ ಮೇಷ್ಟ್ರು, ನಿಮ್ಮನ್ನ ಬಿಟ್ಟು ಇನ್ಯಾರಿಗೆ ಕೊಡಲಿ?" ಎಂದರು. ಬಯಾಲಜಿ ಮೇಷ್ಟ್ರು ಎಂಬ ಮಾತಿಗೆ ನಾನು ಉಬ್ಬಿಹೋಗಿ ಕೈಚಾಚಿದೆ. ಮೊಲದ ಮರಿಯಷ್ಟು ದೊಡ್ಡದು, ಅಗಲವಾದ ಕಿವಿ, ಪೊದೆ ಬಾಲ, ಬೂದಿ ಬಣ್ಣದ ತುಪ್ಪಳ. ಮುಟ್ಟಿದರೆ ಮುಟ್ಟಿದ್ದೇ ಬೆರಳಿಗೆ ಗೊತ್ತಾಗದಷ್ಟು ಮೆದು. ದೂರದ ದಕ್ಷಿಣ ಅಮೆರಿಕದ ಚಳಿ ಬೆಟ್ಟಗಳ ಪ್ರಾಣಿಯಂತೆ. ಜೊತೆಗೆ ಒಂದು ಡಬ್ಬಿ ನುಣುಪಾದ ಧೂಳು ಮತ್ತು ಒಂದು ಚೀಟಿ. ಚೀಟಿಯಲ್ಲಿ ಹೀಗಿತ್ತು: ಒಣಹುಲ್ಲೇ ಆಹಾರ, ಬೇರೇನೂ ಕೊಡಬೇಡಿ. ಮೈಗೆ ನೀರು ಸೋಕಿಸಬೇಡಿ, ಇದರ ಕೂದಲು ಒಣಗುವುದಿಲ್ಲ. ವಾರಕ್ಕೆರಡು ಸಲ ಧೂಳಿನ ಬೋಗುಣಿ ಇಟ್ಟರೆ ತಾನೇ ಹೊರಳಿ ಸ್ನಾನ ಮಾಡಿಕೊಳ್ಳುತ್ತದೆ.

ಅದಕ್ಕೆ ಅವರ ಮಕ್ಕಳು ಬ್ರೂನೋ ಎಂದು ಹೆಸರಿಟ್ಟಿದ್ದರು. ನಮ್ಮ ಮನೆಯಲ್ಲಿ ಆ ಹೆಸರು ಉಳಿಯಲಿಲ್ಲ. ದೀಪಾವಳಿಗೆ ಪಂಚನಹಳ್ಳಿಯಿಂದ ನನ್ನ ಸೋದರತ್ತೆ ಗಂಗಮ್ಮ ಬಂದಳು. ಹುಟ್ಟುತ್ತಲೇ ತಾಯಿಯನ್ನು ಕಳೆದುಕೊಂಡ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಅವಳಿಗಾಗಲೇ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಪಂಜರದ ಹತ್ತಿರ ಬಗ್ಗಿ, "ಇದೇನೋ ಇದು, ಬೂದಿ ಗುಡ್ಡೆ ಅಳ್ಳಾಡ್ತೈತೆ?" ಎಂದು ಕೇಳಿದಳು.

"ಚಿಂಚಿಲ್ಲ ಅತ್ತೆ."

"ಚಿಂತಿಲ್ಲ, ಹೇಳೋ. ಇಲಿಯಾದ್ರೆ ಇಲಿ ಅನ್ನು. ನಾನೇನು ಹೆದ್ರಿಕಳಲ್ಲ."

ನಾನು ಮತ್ತೆ ಬಿಡಿಸಿ ಹೇಳಿದೆ. ಅವಳು ಮತ್ತೆ ಚಿಂತಿಲ್ಲ ಎಂದೇ ಕೇಳಿಸಿಕೊಂಡಳು. ಅದು ನೀರಿನಲ್ಲಿ ಮೀಯುವುದಿಲ್ಲ, ಬೂದಿಯಂಥ ಧೂಳಿನಲ್ಲಿ ಮೀಯುತ್ತದೆ ಎಂದಾಗ ಮಾತ್ರ ಅವಳಿಗೆ ಅದರ ಮೇಲೆ ಗೌರವ ಹುಟ್ಟಿತು. "ಹಂಗಾರೆ ನಮ್ಮ ಶಿವನ ಪೈಕಿ ಬುಡು" ಎಂದಳು. ಅಂದಿನಿಂದ ಅದು ಚಿಂತಿಲ್ಲ, ಮುದ್ದು ಬಂದಾಗ ಚಿಂತಿಲ್ಲಪ್ಪ.

ಊರಿಗೆ ಹೋದ ಮೇಲೆ ಅತ್ತೆ ಬಸ್ಸಿನಲ್ಲಿ ಒಂದು ಚೀಲ ರಾಗಿ ಕಳಿಸಿದಳು. "ನಿಮಗೂ ಆಯ್ತು, ಚಿಂತಿಲ್ಲಪ್ಪಂಗೂ ಆಯ್ತು" ಎಂದು ಫೋನು. ಈಗ ನನ್ನೊಳಗಿನ ಬಯಾಲಜಿ ಮೇಷ್ಟ್ರು ಎದ್ದು ಕೂತ. 'ರಾಗಿಯಲ್ಲಿ ಸುಣ್ಣದ ಅಂಶ ಹೇರಳವಾಗಿದ್ದು, ಮೂಳೆ ಮತ್ತು ಹಲ್ಲುಗಳ ಬೆಳವಣಿಗೆಗೆ ಸಹಕಾರಿ' ಎಂದು ಎಷ್ಟು ಸಾವಿರ ಮಕ್ಕಳಿಗೆ ನೋಟ್ಸ್ ಬರೆಸಿದ್ದೇನೋ. ಸಾಯುವವರೆಗೂ ಹಲ್ಲು ಬೆಳೆಸುವ ಪ್ರಾಣಿಗೆ ಇನ್ನೆಷ್ಟು ಸುಣ್ಣ ಬೇಕಿರಬೇಡ! ಬೆಳಿಗ್ಗೆ ಒಂದು, ಸಂಜೆ ಒಂದು ಸಣ್ಣ ಹುರಿಹಿಟ್ಟಿನ ಉಂಡೆ, ಮಧ್ಯೆ ನುಗ್ಗೆಸೊಪ್ಪು. ಚೀಟಿ ಬರೆದವರು ರಾಗಿ ಕಂಡವರಲ್ಲ ಎಂದು ಚೀಟಿಯನ್ನು ಮಡಿಸಿ ಪಂಚಾಂಗದ ಹಿಂದಿಟ್ಟೆ. ಚಿಂತಿಲ್ಲ ಎರಡು ಕೈಯಲ್ಲಿ ಉಂಡೆ ಹಿಡಿದು ತಿನ್ನುವುದನ್ನು ನೋಡುತ್ತಾ ನನಗೆ ಕಾಫಿ ಆರಿಹೋಗುತ್ತಿತ್ತು.

ಡಿಸೆಂಬರಿನ ಕೊನೆಯ ವಾರದಲ್ಲಿ ಅದು ಉಂಡೆ ಮುಟ್ಟುವುದನ್ನು ಬಿಟ್ಟಿತು. ಮೂಲೆಯಲ್ಲಿ ಮುದುರಿ ಕೂರುತ್ತಿತ್ತು. ಶನಿವಾರ ಪಂಜರದ ಬಟ್ಟೆ ಬದಲಿಸುವಾಗ ಮೂತ್ರದಲ್ಲಿ ರಕ್ತ ಕಂಡಿತು. ಬೀರೂರಿನಲ್ಲಿ ದನ ನೋಡುವ ಡಾಕ್ಟರು, "ನಾನು ಇದನ್ನ ಟಿವೀಲೂ ನೋಡಿಲ್ಲ ಮೇಷ್ಟ್ರೇ" ಎಂದು ಕೈಮುಗಿದು, ತರೀಕೆರೆಯಲ್ಲಿ ನಾಯಿ, ಮೊಲಗಳನ್ನು ನೋಡುವ ಒಬ್ಬ ಡಾಕ್ಟರಮ್ಮ ಇದ್ದಾರೆ ಎಂದರು. ಭಾನುವಾರ ಬೆಳಿಗ್ಗೆ ಬುಟ್ಟಿಯಲ್ಲಿ ಅದನ್ನಿಟ್ಟು, ಮೇಲೆ ಗಿರಿಜೆಯ ಹಳೇ ಶಾಲು ಹೊದಿಸಿ ರೈಲು ಹತ್ತಿದೆ.

ಎದುರು ಸೀಟಿನಲ್ಲಿ ಅವರೆಕಾಯಿ ಮೂಟೆಯ ಮೇಲೆ ಕಾಲು ಚಾಚಿದ್ದ ಯಜಮಾನರು ಶಾಲಿನ ಸಂದಿಯಲ್ಲಿ ಇಣುಕಿದರು.

"ಏನ್ಸಾ ಅದು, ಮುಂಗುಸಿ ಮರಿಯಾ?"

"ಚಿಂಚಿಲ್ಲ."

"ಚಿಂತಿಲ್ದಿದ್ರೆ ಮತ್ಯಾಕೆ ಮಕ ಹಿಂಗೆ ಸಪ್ಪಗೆ ಮಾಡ್ಕಂಡಿದ್ದೀರಾ?"

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಅಂದು ಕಿಟಕಿಯ ಕಡೆ ತಿರುಗಿಕೊಂಡೆ.

ಡಾಕ್ಟರಮ್ಮನಿಗೆ ಮೂವತ್ತು ದಾಟಿರಲಿಲ್ಲ. ಎಕ್ಸ್‌ರೇ ತೆಗೆದು ಬೆಳಕಿಗೆ ಹಿಡಿದರು. ಸಣ್ಣ ಸಣ್ಣ ಮೂಳೆಗಳ ನಡುವೆ ಬಿಳೀ ಚುಕ್ಕೆಯೊಂದು ನನ್ನ ಕಣ್ಣಿಗೂ ಬಿತ್ತು. ಮೂತ್ರದ ಚೀಲದಲ್ಲಿ ಕಲ್ಲು. "ಇದನ್ನ ಕುಯ್ದೇ ತೆಗೀಬೇಕು ಸಾರ್. ಮೊಲಕ್ಕೆ ಮಾಡಿದ್ದೀನಿ, ಇದಕ್ಕೆ ಮಾಡಿಲ್ಲ, ಸುಳ್ಳು ಹೇಳಲ್ಲ. ಬೆಂಗಳೂರಿಗೆ ತಗೊಂಡು ಹೋಗೋದಾದ್ರೆ ಹೋಗಿ. ಆದ್ರೆ ಅಲ್ಲೀವರೆಗೂ ತಡ್ಕೊಳ್ಳುತ್ತೆ ಅಂತ ನಂಗೆ ಅನ್ಸಲ್ಲ" ಎಂದರು. ತಮ್ಮ ಗುರುಗಳಿಗೆ ಫೋನ್ ಹಚ್ಚಿ ಬಹಳ ಹೊತ್ತು ಮಾತಾಡಿದರು. ಆಮೇಲೆ ಕಾಗದ ತೆಗೆದುಕೊಂಡು, "ಏನೇನು ತಿನ್ನಿಸ್ತಾ ಇದ್ರಿ?" ಎಂದು ಕೇಳಿದರು.

"ರಾಗಿ" ಎಂದೆ. "ನುಗ್ಗೆಸೊಪ್ಪು" ಎಂದೆ. ಅವರ ಪೆನ್ನು ನಿಂತಿತು.

"ಸುಣ್ಣ ಜಾಸ್ತಿ ಆದ್ರೆ ಹಿಂಗೆ ಕಲ್ಲು ಕಟ್ಟುತ್ತೆ. ಆದ್ರೂ ಇದೊಂದರಿಂದಲೇ ಬಂತು ಅಂತ ಹೇಳಕ್ಕಾಗಲ್ಲ ಸಾರ್. ಬೇರೆ ಕಾರಣಾನೂ ಇರಬಹುದು. ಆದ್ರೆ ಇನ್ಮುಂದೆ ಕೊಡಬೇಡಿ."

ಅವರು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಹೊರಗಿನ ಬೆಂಚಿನ ಮೇಲೆ ಕೂತೆ. ಒಳಗೆ ಅಂಗೈ ಅಗಲದ ಒಂದು ಪ್ರಾಣಿಯ ಹೊಟ್ಟೆ ಕುಯ್ಯುತ್ತಿದ್ದರು. ಹೊರಗೆ ನನ್ನ ತಲೆಯಲ್ಲಿ, ನಾನು ಇಷ್ಟು ವರ್ಷ ಬರೆಸಿದ ಆ ಒಂದು ವಾಕ್ಯ, 'ಹೇರಳವಾಗಿದ್ದು', 'ಸಹಕಾರಿ' ಎಂಬ ಪದಗಳ ಸಮೇತ, ಮಕ್ಕಳು ರಾಗವಾಗಿ ಬಾಯಿಪಾಠ ಒಪ್ಪಿಸುವ ಹಾಗೆ ಸುತ್ತುತ್ತಿತ್ತು. ಪ್ರೀತಿಯಿಂದ ತಿನ್ನಿಸಿದ್ದು ಎಂದು ನನಗೆ ನಾನೇ ಹೇಳಿಕೊಂಡು ನೋಡಿದೆ. ಅದರಿಂದ ಏನೂ ಸಮಾಧಾನವಾಗಲಿಲ್ಲ. ಅದು ಸತ್ತರೆ ನಾನೇ ಕೊಂದ ಹಾಗೆ ಎಂಬುದು ಗಟ್ಟಿಯಾಯಿತು.

ಒಂದೂವರೆ ಗಂಟೆಯ ಮೇಲೆ ಡಾಕ್ಟರಮ್ಮ ಬಂದು ಹತ್ತಿಯ ಮೇಲೆ ಕಡಲೆಬೇಳೆಯಷ್ಟು ದಪ್ಪದ ಒಂದು ಬಿಳೀ ಕಲ್ಲು ತೋರಿಸಿದರು. "ಎಚ್ಚರ ಆಗಿದೆ. ಆದ್ರೆ ಈಗ್ಲೇ ಖುಷಿ ಪಡಬೇಡಿ ಸಾರ್. ಈ ಪ್ರಾಣಿಗಳಿಗೆ ಕರುಳು ನಿಂತರೆ ಮುಗೀತು. ತಾನಾಗಿ ತಿನ್ನಲ್ಲ, ನೀವೇ ಮೂರು ಗಂಟೆಗೊಂದು ಸಲ ಈ ಹುಲ್ಲಿನ ಪುಡಿ ಕಲಸಿ ಸಿರಿಂಜಲ್ಲಿ ಕುಡಿಸಬೇಕು. ಹಿಕ್ಕೆ ಹಾಕ್ತು ಅಂದ್ರೆ ಬದುಕ್ತು. ನಾಳೆ ಸಂಜೆವರೆಗೂ ಹಾಕಲಿಲ್ಲ ಅಂದ್ರೆ ಫೋನ್ ಮಾಡಿ, ಅಥವಾ ಹಂಗೇ ಕರ್ಕೊಂಡು ಬನ್ನಿ." ಹೊಲಿಗೆ ನೆಕ್ಕದಂತೆ ಹಳೇ ಎಕ್ಸ್‌ರೇ ಹಾಳೆಯಿಂದ ಕತ್ತರಿಸಿದ ಒಂದು ಪಟ್ಟಿಯನ್ನು ಅದರ ಕೊರಳ ಸುತ್ತ ಕಟ್ಟಿದ್ದರು. ಗಾಯ ಮಾಯುವವರೆಗೆ, ಅಂದರೆ ಸಂಕ್ರಾಂತಿ ತನಕ, ಧೂಳಿನ ಸ್ನಾನವೂ ಕೂಡದು.

ಮನೆಗೆ ಬಂದರೆ ಅಲ್ಲಿ ಇನ್ನೊಬ್ಬ ರೋಗಿ. ಅತ್ತೆಗೆ ಮೂರು ದಿನದ ಹಿಂದಷ್ಟೇ ಕಡೂರಿನಲ್ಲಿ ಒಂದು ಕಣ್ಣಿನ ಪೊರೆ ತೆಗೆಸಿ ನಮ್ಮಲ್ಲೇ ಇರಿಸಿಕೊಂಡಿದ್ದೆವು. ಕರೀ ಕನ್ನಡಕ ಹಾಕಿಕೊಂಡು ಪಡಸಾಲೆಯಲ್ಲಿ ಕೂತಿದ್ದಳು. ಬಗ್ಗಬಾರದು, ಭಾರ ಎತ್ತಬಾರದು, ಸಂಕ್ರಾಂತಿ ತನಕ ತಲೆಗೆ ನೀರು ಹಾಕಿಕೊಳ್ಳಬಾರದು. ಮೊದಲ ಎರಡನ್ನು ಅವಳು ಒಪ್ಪಿಕೊಂಡಿದ್ದಳು. ಮೂರನೆಯದರ ಬಗ್ಗೆ ದಿನಕ್ಕೆ ಹತ್ತು ಸಲ ಜಗಳ. ಅವಳ ಎದುರಿಗೆ ಕೊರಳಿಗೆ ಪಟ್ಟಿ ಕಟ್ಟಿಕೊಂಡ ಚಿಂತಿಲ್ಲನನ್ನು ಇಟ್ಟೆ. ಅತ್ತೆ ಕೈಯಾಡಿಸಿ ನೋಡಿ, "ಅಯ್ಯೋ, ಇವ್ನಿಗೆ ಮೊರ ಕಟ್ಟವ್ರಲ್ಲೋ" ಎಂದಳು. ಇಬ್ಬರಿಗೂ ಸಂಕ್ರಾಂತಿ ತನಕ ಸ್ನಾನವಿಲ್ಲ ಎಂದು ಕೇಳಿದ ಮೇಲೆ ಅವಳಿಗೆ ಅದು ತೀರಾ ಹತ್ತಿರದ ನೆಂಟನಾಯಿತು. "ತುರಿಸ್ತೈತೇನೋ ಚಿಂತಿಲ್ಲಪ್ಪ? ನಂಗೂ ಅಷ್ಟೇ ಕಣೋ" ಎಂದು ಅದರ ಹತ್ತಿರ ಕಷ್ಟ ಹೇಳಿಕೊಂಡಳು.

ರಾಗಿಯ ವಿಷಯ ಮಾತ್ರ ಅವಳಿಗೆ ಹೇಳಲಿಲ್ಲ. ಅದೆಂಥದೋ ಕಲ್ಲು ಎಂದು ಹಾರಿಸಿಬಿಟ್ಟೆ.

ಸಂಜೆ ಹುಲ್ಲಿನ ಪುಡಿ ಕಲಸಿ ಸಿರಿಂಜಿಗೆ ತುಂಬಿದೆ. ಗಿರಿಜೆ ಟವೆಲಿನಲ್ಲಿ ಸುತ್ತಿ ಹಿಡಿದಳು. ನಾನು ಅದರ ಗದ್ದ ಮೇಲೆತ್ತಿ ಮುಂದಿನ ಹಲ್ಲಿನ ಸಂದಿಗೆ ಒತ್ತಿದೆ. ಹಸಿರು ಗಂಜಿಯೆಲ್ಲ ನನ್ನ ಅಂಗಿಗೆ ಬಂತು. ಎರಡನೇ ಸಲ ಅದು ಕೆಮ್ಮಿತು. ಪಡಸಾಲೆಯಿಂದಲೇ ಅತ್ತೆ ಕೆಮ್ಮು ಕೇಳಿಸಿಕೊಂಡಳು.

"ಲೇ, ತಲೆ ಎತ್ತಬ್ಯಾಡ್ವೋ, ನೆತ್ತಿಗೆ ಹತ್ತತೈತೆ! ನಿಮ್ಮಪ್ಪ ಎತ್ತಿಗೆ ಗೊಟ್ಟ ಹುಯ್ತಿದ್ದಾಗ ನೀನೇನು ನೋಡ್ತಿದ್ದೆ?"

ಗೊಟ್ಟ ಎಂದರೆ ಬಿದಿರಿನ ಕೊಳವೆ. ದನಗಳಿಗೆ ಔಷಧಿ ಕುಡಿಸಲು ಒಂದು ತುದಿಯನ್ನು ಓರೆಯಾಗಿ ಕತ್ತರಿಸಿ ಇಟ್ಟಿರುತ್ತಿದ್ದರು. ನಮ್ಮ ಪಂಚನಹಳ್ಳಿಯ ಕೊಟ್ಟಿಗೆಯಲ್ಲಿ ಅದು ತೊಲೆಗೆ ಸಿಕ್ಕಿಸಿಯೇ ಇರುತ್ತಿತ್ತು. ಎತ್ತಿಗೆ ಹೊಟ್ಟೆ ಉಬ್ಬರಿಸಿದಾಗ ಅಪ್ಪ ಗೊಟ್ಟ ಹಿಡಿಯುತ್ತಿದ್ದ, ಅತ್ತೆ ಎತ್ತಿನ ಗಂಟಲು ಸವರುತ್ತಿದ್ದಳು, ಬಾಲ ಹಿಡಿಯುವ ಜವಾಬ್ದಾರಿ ನನ್ನದು. ಹೀಗಾಗಿ ಆ ವೈದ್ಯದಲ್ಲಿ ನಾನು ನೋಡಿದ್ದೆಲ್ಲ ಹಿಂಭಾಗ. ಅತ್ತೆಗೆ ಅದನ್ನು ಹೇಳಿದರೆ, "ಅದ್ಕೇ ನೀನು ಮೇಷ್ಟ್ರಾಗಿದ್ದು" ಎಂದಳು. ಆಮೇಲೆ ಗೋಡೆ ಹಿಡಿದುಕೊಂಡು ಬಂದು ನನ್ನ ಪಕ್ಕ ಕೂತಳು. "ಎದುರಿಂದಲ್ಲ, ಪಕ್ಕದಿಂದ. ದವಡೆ ಸಂದೀಲಿ ಹಲ್ಲಿರಲ್ಲ ನೋಡು, ಅಲ್ಲಿ ಮೆತ್ತಗೆ ಸಿಗಿಸು. ಒಂದು ತೊಟ್ಟು ಬುಡು. ನುಂಗ್ಲಿ. ಆತುರ ಮಾಡ್ಬ್ಯಾಡ." ಅವಳ ಒರಟು ಬೆರಳು ಅದರ ಗಂಟಲ ಮೇಲೆ ನಿಧಾನವಾಗಿ ಇಳಿಯಿತು. ಚಿಂತಿಲ್ಲ ಒಂದು ತೊಟ್ಟು ನುಂಗಿತು. ಆಮೇಲೆ ಇನ್ನೊಂದು. ಬಾಚಿಹಲ್ಲಿಗೂ ದವಡೆಹಲ್ಲಿಗೂ ನಡುವೆ ದಂಶಕಗಳಿಗೆ ಖಾಲಿ ಜಾಗವಿರುತ್ತದೆ ಎಂದು ನಾನು ಪಾಠದಲ್ಲಿ ಹೇಳುತ್ತಲೇ ಬಂದಿದ್ದೇನೆ, ಅದಕ್ಕೆ ಇಂಗ್ಲಿಷಿನ ಹೆಸರೂ ಗೊತ್ತು. ಅದರಿಂದ ಊಟ ಮಾಡಿಸಬಹುದು ಎಂದು ಹೊಳೆದಿರಲಿಲ್ಲ.

ಸೋಮವಾರ ರಜೆ ಹಾಕೋಣವೆಂದರೆ ಶಾಲೆಯಲ್ಲಿ ಪರೀಕ್ಷೆ. ಅಜ್ಜಂಪುರಕ್ಕೆ ಹೋದೆ. ಹೋದವನು ಗಂಟೆಗೊಂದು ಸಲ ಕಾರಿಡಾರಿಗೆ ಬಂದು ಗಿರಿಜೆಗೆ ಫೋನ್ ಮಾಡಿದೆ.

"ಬಂತಾ?"

"ಇನ್ನೂ ಇಲ್ಲ ಕಣ್ರೀ."

ಮಧ್ಯಾಹ್ನದ ಹೊತ್ತಿಗೆ ಕನ್ನಡ ಮೇಷ್ಟ್ರು ನನ್ನ ಭುಜ ತಟ್ಟಿ, "ವರ್ಗಾವಣೆ ಆರ್ಡರ್ರಾ? ಬತ್ತದೆ ಬಿಡಿ, ಇಷ್ಟು ಒದ್ದಾಡಬೇಡಿ" ಎಂದರು. ಹಿಕ್ಕೆಗೆ ಕಾಯುತ್ತಿದ್ದೇನೆ ಎಂದು ಹೇಳುವ ಧೈರ್ಯ ಬರಲಿಲ್ಲ. ಯಾವ ಊರಿಗೆ ಕೇಳಿದ್ದೀರಿ ಎಂದದ್ದಕ್ಕೆ ಶಿವನಿ ಎಂದುಬಿಟ್ಟೆ. ಒಂದೇ ರೈಲಿನ ದಾರಿಯಲ್ಲಿ ಇಷ್ಟು ಹತ್ತಿರಕ್ಕೆ ವರ್ಗ ಯಾಕೆಂದು ಅವರು ಇವತ್ತಿಗೂ ಯೋಚಿಸುತ್ತಿರಬಹುದು.

ನಾಲ್ಕು ಗಂಟೆಗೂ ಬರಲಿಲ್ಲ. ರೈಲಿಳಿದು ಮನೆಗೆ ಹೆಚ್ಚೂಕಡಿಮೆ ಓಡಿದೆ, ಹಾಗೇ ಬುಟ್ಟಿ ಎತ್ತಿಕೊಂಡು ತರೀಕೆರೆಗೆ ಹೋಗುವುದೆಂದೇ. ಪಡಸಾಲೆಯ ಚಾಪೆಯ ಮೇಲೆ ಅತ್ತೆ ಹಬ್ಬದ ಎಳ್ಳು ಮೊರದಲ್ಲಿ ಹಾಕಿಕೊಂಡು ಬೆರಳಿನಲ್ಲೇ ಕಲ್ಲು ಆರಿಸುತ್ತಿದ್ದಳು. ಕಣ್ಣಿಗೆ ಕೆಲಸ ಕೊಡಬೇಡ ಎಂದಿದ್ದರಲ್ಲ, ಬೆರಳಿಗೆ ಕೊಟ್ಟಿದ್ದಳು. ಚಿಂತಿಲ್ಲ ಅವಳ ಮಡಿಲ ಪಕ್ಕದಲ್ಲೇ ಟವೆಲಿನ ಮೇಲೆ ಮುದುರಿತ್ತು. ನಾನು ಬುಟ್ಟಿಗೆ ಕೈಹಾಕುವಷ್ಟರಲ್ಲಿ ಅತ್ತೆ, "ತಡಿಯೋ" ಎಂದಳು. ಹೆಬ್ಬೆರಳು ತೋರುಬೆರಳಿನ ನಡುವೆ ಏನನ್ನೋ ಉಜ್ಜಿ ನೋಡುತ್ತಿದ್ದಳು.

"ಎಳ್ಳಿಗಿಂತ ದಪ್ಪಗೈತೆ. ಜೀರಿಗೆ ಅಲ್ಲ. ಮೆತ್ತಗೈತೆ." ಮೂಗಿನ ಹತ್ತಿರ ಹಿಡಿದಳು. ಅವಳ ಮುಖ ಅರಳಿತು. "ಹಿಕ್ಕೆ ಕಣೋ! ಹಸೀ ಹಿಕ್ಕೆ! ಈಗ ಹಾಕವ್ನೆ!"

ನಾನು ಮೊಣಕಾಲೂರಿ ಮೊರಕ್ಕೆ ಬಗ್ಗಿದೆ. ಬಿಳೀ ಎಳ್ಳಿನ ಅಂಚಿನಲ್ಲಿ ಇನ್ನೂ ಎರಡು, ಟವೆಲಿನ ಮೇಲೆ ನಾಲ್ಕು. ಅತ್ತೆಯನ್ನು ತಬ್ಬಿಕೊಂಡೆ, ಅವಳ ಕನ್ನಡಕ ಓರೆಯಾಯಿತು. ಡಾಕ್ಟರಮ್ಮನಿಗೆ ಫೋನ್ ಮಾಡಿ, "ಏಳು ಹಾಕಿದೆ ಮೇಡಂ" ಎಂದೆ. ಅತ್ತ ಕಡೆಯಿಂದ ಅವರು ಗಟ್ಟಿಯಾಗಿ ನಕ್ಕದ್ದು ಕೇಳಿಸಿತು. ಗಿರಿಜೆ ಮಾತ್ರ ಎಳ್ಳನ್ನು ಮೊರದ ಸಮೇತ ಎತ್ತಿಕೊಂಡು ಹೋಗಿ ಹಿತ್ತಿಲಿಗೆ ಸುರಿದು, ಬೇರೆ ಎಳ್ಳು ತರಲು ಆಗಲೇ ನನ್ನನ್ನು ಅಂಗಡಿಗೆ ಓಡಿಸಿದಳು.

ಅಲ್ಲಿಂದ ದಿನದಿನಕ್ಕೂ ಗೆಲುವು. ಮೂರನೇ ದಿನ ಒಂದು ಎಳೆ ಒಣಗರಿಕೆಯನ್ನು ತಾನೇ ಎಳೆದುಕೊಂಡಿತು. ಐದನೇ ದಿನ ನನ್ನ ಬೆರಳು ಕಚ್ಚಿತು, ಅದನ್ನು ನಾನು ಶಾಲೆಯಲ್ಲಿ ಎಲ್ಲರಿಗೂ ತೋರಿಸಿದೆ. ಅತ್ತೆಯ ಕಣ್ಣಿನ ಕೆಂಪೂ ಇಳಿಯುತ್ತಿತ್ತು. ಅವಳು ತೊಟ್ಟು ಔಷಧಿ ಹಾಕಿಸಿಕೊಳ್ಳುವಾಗ ಮಗುವಿನ ಹಾಗೆ ಮುಖ ತಿರುಗಿಸಿದರೆ ಗಿರಿಜೆ, "ಚಿಂತಿಲ್ಲ ನೋಡಿ, ಎಷ್ಟು ಜಾಣ" ಎಂದು ಅದನ್ನು ಉದಾಹರಣೆ ಕೊಡುತ್ತಿದ್ದಳು. ತರೀಕೆರೆಯಲ್ಲಿ ಹೊಲಿಗೆ ಬಿಚ್ಚಿದರು, ಕೊರಳಪಟ್ಟಿಯನ್ನೂ ತೆಗೆದರು. "ಗಾಯ ಚೆನ್ನಾಗಿ ಕೂಡಿದೆ, ಹಬ್ಬದ ದಿನ ಧೂಳು ಕೊಡಿ" ಎಂದರು.

ಸಂಕ್ರಾಂತಿಯ ದಿನ ಬೆಳಿಗ್ಗೆ ಕಬ್ಬು ತರಲು ನಾನು ಪೇಟೆಗೆ ಹೋಗಿದ್ದೆ. ಗಿರಿಜೆ ಎಳ್ಳುಬೆಲ್ಲ ಕೊಡಲು ಪಕ್ಕದ ಬೀದಿಗೆ ಹೋಗಿದ್ದಳು. ನಾನು ಹಿಂದಿರುಗಿ ಬಂದಾಗ ಹಿತ್ತಿಲಿನಲ್ಲಿ ಒಲೆ ಉರಿಯುತ್ತಿತ್ತು, ಹಂಡೆಯಿಂದ ಹಬೆಯೇಳುತ್ತಿತ್ತು. ಬಚ್ಚಲ ಕಲ್ಲಿನ ಪಕ್ಕ ಅತ್ತೆ ಮಣೆ ಹಾಕಿಕೊಂಡು ಕೂತಿದ್ದಳು. ಪಕ್ಕದಲ್ಲಿ ಬಟ್ಟಲು ಅರಿಶಿನ, ಸೀಗೆಪುಡಿ. ಅವಳ ಸೆರಗಿನಲ್ಲಿ ಸುತ್ತಿದ ಚಿಂತಿಲ್ಲನ ತಲೆ ಮಾತ್ರ ಹೊರಗಿತ್ತು. ಅವಳ ಬಲಗೈಯಲ್ಲಿ ಬಿಸಿನೀರಿನ ಚೊಂಬು ಮೇಲೆದ್ದಿತ್ತು.

ನನಗೆ ಚೀಟಿಯ ಸಾಲು ಕಣ್ಣ ಮುಂದೆ ಬಂತು. ಈಗಷ್ಟೇ ಕೂಡಿದ ಗಾಯ, ಮಾಗಿಯ ಚಳಿ, ಒಣಗದ ಕೂದಲು. ಕಬ್ಬು ಕೆಳಗೆ ಬಿತ್ತು. "ಅತ್ತೇ!" ಎಂದು ಕಿರುಚಿ ಚೊಂಬು ಕಿತ್ತುಕೊಂಡೆ. ಒಂದಿಷ್ಟು ನೀರು ತುಳುಕಿ ಅದರ ಬಾಲದ ತುದಿಗೆ ಬಿತ್ತು.

"ಯಾಕೋ ಹಿಂಗೆ ಬಡ್ಕಂತೀಯ? ಸಂಕ್ರಾಂತಿ ದಿನ ಮೂಕ್‌ಪ್ರಾಣಿ ಮೈ ತೊಳೀದೆ ನಾವು ತೊಳ್ಕಂತೀವೇನೋ? ದಿನಾ ಬೂದಿ ಬಳ್ಕಂಡ್ರೂ ಹಬ್ಬಕ್ಕೆ ನೀರು ಬ್ಯಾಡ್ವಾ? ಹದಿನೈದು ದಿನ ಆಯ್ತು, ಅದೂ ನೀರು ಕಂಡಿಲ್ಲ, ನಾನೂ ಕಂಡಿಲ್ಲ. ಮೊದ್ಲು ಅದಕ್ಕೆ, ಆಮ್ಯಾಕೆ ನಂಗೆ."

ಅವಳ ಲೆಕ್ಕದಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ. ನಮ್ಮ ಊರಿನಲ್ಲಿ ಆ ದಿನ ಎತ್ತು, ಹಸು, ಕುರಿ ಎಲ್ಲದರ ಮೈ ತೊಳೆದು, ಕೋಡಿಗೆ ಬಣ್ಣ ಬಳಿದ ಮೇಲೆಯೇ ಮನುಷ್ಯರ ಸರದಿ. ಅದು ನನಗೂ ಗೊತ್ತು. ಗೊತ್ತಿದ್ದೂ ನನ್ನ ಬಾಯಿಂದ ಬಂದ ಮಾತು ಇದು: "ರಾಗಿ ಕಳಿಸಿ ಒಂದು ಸಲ ಸಾಯಿಸಕ್ಕೆ ಹೋಗಿದ್ದು ಸಾಲ್ದಾ ನಿಂಗೆ?"

ಅತ್ತೆ ತಲೆಯೆತ್ತಿ ನೋಡಿದಳು. ಕರೀ ಕನ್ನಡಕ ಹಾಕಿರಲಿಲ್ಲ.

"ರಾಗಿನಾ? ಆ ಕಲ್ಲು ರಾಗಿಯಿಂದ ಬಂದಿದ್ದಾ?"

ನಾನು ಚೊಂಬನ್ನು ಕೆಳಗಿಟ್ಟೆ. ಅವಳು ಸೆರಗು ಸಡಿಲಿಸಿ ಚಿಂತಿಲ್ಲನನ್ನು ನನ್ನ ಕೈಗೆ ಕೊಟ್ಟಳು. "ತಗಳಪ್ಪ. ಇನ್ನು ನಾನು ಮುಟ್ಟಲ್ಲ" ಎಂದಳು. ಸಿಟ್ಟಿನಿಂದ ಹೇಳಿದ್ದರೆ ಎದುರಾಡಬಹುದಿತ್ತು. ಅವಳು ಮೆಲ್ಲಗೆ ಹೇಳಿದಳು, ಹೇಳಿ ಕೈಯನ್ನು ಸೀರೆಗೆ ಒರೆಸಿಕೊಂಡಳು. ಆ ಒರೆಸಿಕೊಂಡದ್ದನ್ನು ನನ್ನಿಂದ ನೋಡಲಾಗಲಿಲ್ಲ.

ಬಾಲ ಒರೆಸುತ್ತಾ ಅಲ್ಲೇ ಕಲ್ಲಿನ ಮೇಲೆ ಕುಕ್ಕರಿಸಿದೆ. "ಕಳಿಸಿದ್ದು ನೀನು ಅತ್ತೆ. ತಿನ್ನಿಸಿದ್ದು ನಾನು. ಕೊಡಬೇಡಿ ಅಂತ ಚೀಟೀಲಿ ಬರ್ದಿತ್ತು, ಓದಿ ಮಡಚಿಟ್ಟೆ. ದೊಡ್ಡ ಬಯಾಲಜಿ ಮೇಷ್ಟ್ರು ನೋಡು. ಡಾಕ್ಟರಮ್ಮ ಕೇಳ್ದಾಗಿಂದ ಇದನ್ನ ಯಾರಿಗೂ ಹೇಳಕ್ಕಾಗಿರ್ಲಿಲ್ಲ. ಅದಕ್ಕೇ ನಿನ್ನ ಮೇಲೆ ಹಾಕಿಬಿಟ್ಟೆ" ಎಂದೆ.

ಅತ್ತೆ ಒಲೆಯ ಸೌದೆಯನ್ನು ಒಳಕ್ಕೆ ತಳ್ಳಿದಳು. ಆಮೇಲೆ, "ಅದು ಬೂದೀಲಿ ಹೆಂಗೆ ಮೀಯ್ತದೆ, ತೋರ್ಸು" ಎಂದಳು.

ಒಳಗಿಂದ ಧೂಳಿನ ಡಬ್ಬಿ, ಅಗಲದ ಬೋಗುಣಿ ತಂದೆ. ಪಡಸಾಲೆಯಲ್ಲಿಟ್ಟು ಚಿಂತಿಲ್ಲನನ್ನು ಬಿಟ್ಟೆ. ಅದು ಮೂಸಿತು, ಮುಂಗಾಲಿಟ್ಟಿತು, ಯೋಚಿಸಿತು. ಆಮೇಲೆ ಒಮ್ಮೆಲೇ ಪಕ್ಕಕ್ಕೆ ಬಿದ್ದು ಸರ್ರನೆ ಹೊರಳಿತು. ಎದ್ದಿತು, ಮತ್ತೆ ಹೊರಳಿತು. ಹೊಟ್ಟೆಯ ಮೇಲಿನ ಗಾಯದ ಗೆರೆ ಒಂದು ಗಳಿಗೆ ಕಂಡು ಮರೆಯಾಯಿತು. ಧೂಳು ಬಾಗಿಲ ಬಿಸಿಲಿಗೆ ಎದ್ದು ನಮ್ಮ ಮುಖಕ್ಕೆಲ್ಲ ಕೂತಿತು. ಕರೀ ಕನ್ನಡಕವಿಲ್ಲದೆ ಅತ್ತೆ ಅದನ್ನು ಸರಿಯಾಗಿ ನೋಡಿದ್ದು ಅದೇ ಮೊದಲು. ದೀಪಾವಳಿಯಲ್ಲಿ ಅವಳಿಗೆ ಕಂಡದ್ದು ಅಲ್ಲಾಡುವ ಬೂದಿಗುಡ್ಡೆ. ಈಗ ಒಂದು ಕಣ್ಣು ಮುಚ್ಚಿ, ಹೊಸ ಕಣ್ಣೊಂದನ್ನೇ ತೆರೆದು, "ಮೀಸೆ ಐತಲ್ಲೋ ಇದಕ್ಕೆ!" ಎಂದಳು. "ಕಿವಿ ಒಳಗೆ ಗುಲಾಬಿ ಬಣ್ಣ. ನಗ್ತಾ ಅವ್ನಲ್ಲೋ!" ಅದು ಹೊರಳಿದಾಗಲೆಲ್ಲ ಅವಳೂ ಕೂತಲ್ಲೇ ಆ ಕಡೆ ಈ ಕಡೆ ವಾಲಿದಳು. ಬದುಕಿದೆ, ಬದುಕಿದೆ ಎಂದು ನನ್ನ ಎದೆಯೊಳಗೆ ಹೊಡೆದುಕೊಳ್ಳುತ್ತಿತ್ತು. ಏಳು ಹಿಕ್ಕೆಗೆ ಆಗದಷ್ಟು ಸಂತೋಷ ಆ ಧೂಳಿಗೆ ಆಯಿತು.

ಸಾಕಷ್ಟು ನಕ್ಕ ಮೇಲೆ ಅತ್ತೆ ಎದ್ದು ಸೀರೆ ಕೊಡವಿಕೊಂಡು ಹಿತ್ತಿಲ ಕಡೆ ನಡೆದಳು. ಅಲ್ಲಿಂದ ಕೂಗಿದಳು.

"ಬಾರೋ ಇಲ್ಲಿ. ನೀರು ಕಾದೈತೆ. ಹಬ್ಬಕ್ಕೆ ಒಂದಾದ್ರೂ ಮೂಕ್‌ಪ್ರಾಣಿ ಮೈ ತೊಳೀದಿದ್ರೆ ನಾನೆಂಗೆ ಮೀಯ್ಲಿ?"

"ಅತ್ತೆ, ನಂಗೆ ಐವತ್ನಾಲ್ಕು."

"ಎತ್ತಿಗೆ ವಯಸ್ಸು ಕೇಳಿ ತೊಳೀತಾರೇನೋ? ಹದಿನೈದು ದಿನ ರಾಗಿ ವಿಷ್ಯ ಹೊಟ್ಟೇಲಿಟ್ಕಂಡು ಮಾತಾಡ್ದೆ ಓಡಾಡ್ದೋನು ಮೂಕ್‌ಪ್ರಾಣಿ ಅಲ್ದೆ ಇನ್ನೇನು? ಕೂತ್ಕ."

ಅಂಗಿ ಬಿಚ್ಚಿ ಬಚ್ಚಲ ಕಲ್ಲಿನ ಮೇಲೆ ಕೂತೆ. ಚಿಕ್ಕಂದಿನಲ್ಲಿ ಹಂಡೆ ನೀರಿಗೂ ನನಗೂ ಆಗಿಬರುತ್ತಿರಲಿಲ್ಲ. ಹಬ್ಬದ ದಿನ ನಾನು ಕೊಟ್ಟಿಗೆಯ ಹುಲ್ಲಿನ ಮೆದೆಯ ಹಿಂದೆ ಅಡಗಿಕೊಳ್ಳುತ್ತಿದ್ದೆ, ಅವಳು ಎತ್ತುಗಳನ್ನು ಮುಗಿಸಿ ಬಂದು ಕಾಲು ಹಿಡಿದು ಎಳೆಯುತ್ತಿದ್ದಳು. ಅದೇ ಕೈ ಈಗ ನನ್ನ ಬೋಳುನೆತ್ತಿಗೆ ಸೀಗೆ ಹಚ್ಚಿ ಗಸಗಸ ತಿಕ್ಕಿತು. ನೀರು ಆಗಿನಷ್ಟೇ ಸುಡುತ್ತಿತ್ತು. ಚೊಂಬಿನ ಮೇಲೆ ಚೊಂಬು ಬಿದ್ದಂತೆ ಹದಿನೈದು ದಿನದಿಂದ ತಡೆದಿದ್ದು ನನ್ನ ಕಣ್ಣಿನಿಂದ ಇಳಿಯಿತು. ಭುಜ ಅಲುಗಿದ್ದು ಅವಳಿಗೆ ತಿಳಿದಿರಬೇಕು.

"ಕಣ್ಣುರೀತೇನೋ?" ಎಂದಳು.

ಸೀಗೆಯ ಮೇಲೆ ಹಾಕಿಬಿಡೋಣವೆಂದುಕೊಂಡು, "ಚಿಂತಿಲ್ಲ ಅತ್ತೆ" ಎಂದೆ.

ಅತ್ತೆ ಚೊಂಬನ್ನು ಹಂಡೆಯ ಮೇಲಿಟ್ಟಳು. "ಅವ್ನು ಒಳಗೆ ಆರಾಮಾಗಿ ಹೊರಳ್ತಾವ್ನೆ ಬುಡು" ಎಂದು ಸೆರಗಿನಿಂದ ನನ್ನ ಕಣ್ಣೊರೆಸಿದಳು. "ನಾನು ಕೇಳಿದ್ದು ನಿಂದು."